ಬಾಲಕ್ಕೆ ಕೊಟ್ಟ ಬೆಲೆ

ಅರಬ್ಬೀ ಸಮುದ್ರ ದಾಟುವಾಗ ಹಡಗಿನಲ್ಲಿ ಕುದುರೆ ಸತ್ತರೆ ವರ್ತಕರು ಅದರ ಬಾಲ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಆ ಬಾಲವನ್ನಷ್ಟೇ ವಿಜಯನಗರಕ್ಕೆ ತಂದು ಒಪ್ಪಿಸಿದರೂ ಅಲ್ಲಿನ ಅರಸ ಸಾಳುವ ನರಸಿಂಹ ಜೀವಂತ ಕುದುರೆಗೆ ಕೊಡುವ ಹಣವನ್ನೇ ಕೊಡುತ್ತಿದ್ದ. ಪರ್ದಾವ್ ಎಂಬ ಚಿನ್ನದ ನಾಣ್ಯ ಸಾವಿರಕ್ಕೆ ಮೂರು ಕುದುರೆ ಎಂಬುದು ಗೊತ್ತುಪಡಿಸಿದ ದರ. ಬದುಕಿ ಬಂದರೂ ಸರಿ, ಸತ್ತು ಬಾಲವಾಗಿ ಬಂದರೂ ಸರಿ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನೀಜ್ ಇದನ್ನು ಬರೆದಿಟ್ಟಿದ್ದಾನೆ. ರಾಬರ್ಟ್ ಸೀವೆಲ್ 1900ರಲ್ಲಿ ಆ ಬರಹವನ್ನು ಇಂಗ್ಲಿಷಿಗೆ ತಂದ ಮೇಲೆ ನಮ್ಮ ಇತಿಹಾಸಕಾರರೆಲ್ಲ ಅದನ್ನು ಓದಿದ್ದಾರೆ. ಅರಸನ ಔದಾರ್ಯಕ್ಕೆ, ಯುದ್ಧಕ್ಕೆ ಕುದುರೆ ಎಷ್ಟು ಅಗತ್ಯವಾಗಿತ್ತು ಎಂಬುದಕ್ಕೆ ಅದನ್ನು ಸಾಕ್ಷಿಯಾಗಿ ಎತ್ತಿ ಹೇಳುತ್ತಾರೆ. ಆ ಬಾಲ ಯಾವ ಕುದುರೆಯದಾಗಿತ್ತು, ಅದು ಸಾಯುವಾಗ ಅದರ ಕೊರಳು ಹಿಡಿದು ಯಾರು ಕೂತಿದ್ದರು ಎಂದು ಕೇಳಿದವರು ಕಡಿಮೆ.

ಯಡ್ತರೆಯಂಥ ಊರಿನಲ್ಲಿ ಕುದುರೆಯ ಮಾತೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಬೈಂದೂರಿಗೆ ಅಂಟಿಕೊಂಡ ಈ ಗದ್ದೆ ತೋಟಗಳ ನೆಲದಲ್ಲಿ ಹಟ್ಟಿ ಉಂಟು, ಲಾಯವಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಡೆ ಕುದುರೆಯ ಗೊರಸು ಒಣಗುವುದೇ ಇಲ್ಲ. ತೇವ ಹಿಡಿದ ಗೊರಸು ಕೊಳೆಯುತ್ತದೆ. ಮಳೆಗಾಲದ ಕುರುಡುನೊಣಗಳು ಕಚ್ಚಿ ಸರ್ರಾ ಎಂಬ ರಕ್ತದ ರೋಗವನ್ನು ಹರಡುತ್ತವೆ. ಕೆಸರುಗದ್ದೆಗೆ ಕೋಣ ಬೇಕು, ಎತ್ತು ಬೇಕು. ಕುದುರೆಗೆ ಅಲ್ಲಿ ಕೆಲಸವಿಲ್ಲ.

ಆದರೂ ದಕ್ಷಿಣ ಭಾರತಕ್ಕೆ ಕುದುರೆ ಬಂದ ಹೆಬ್ಬಾಗಿಲುಗಳಲ್ಲಿ ಈ ಕರಾವಳಿಯೂ ಒಂದು. ಯಡ್ತರೆಯಿಂದ ಬಡಗಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಭಟ್ಕಳ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ತೀರವನ್ನು ಕಂಡು ಬರೆದ ಪೋರ್ಚುಗೀಸ ದುವಾರ್ತೆ ಬಾರ್ಬೋಸ, ಹೋರ್ಮುಜ್‌ನಿಂದ ಹಡಗುಗಳು ಭಟ್ಕಳಕ್ಕೆ ಕುದುರೆ ತಂದು, ಅಕ್ಕಿ, ಸಕ್ಕರೆ, ಕಬ್ಬಿಣ ತುಂಬಿಕೊಂಡು ಹೋಗುತ್ತಿದ್ದುದನ್ನು ಹೇಳುತ್ತಾನೆ. ತೆಂಕಣ ಬಸ್ರೂರು, ಬಾರ್ಕೂರುಗಳ ಅಕ್ಕಿಯೂ ಹೊರದೇಶದ ಹಡಗು ಏರುತ್ತಿತ್ತು. ನಮ್ಮ ಗದ್ದೆಯ ಅಕ್ಕಿ ಹೋದ ದಾರಿಯಲ್ಲೇ ಅರಬ್ಬಿ ಕುದುರೆ ಬಂತು. ಇಳಿದ ಕುದುರೆಗಳು ಘಟ್ಟ ಹತ್ತಿ ಹಂಪೆಯ ಕಡೆಗೆ ನಡೆದವು. ಮುಂದೆ ಪೋರ್ಚುಗೀಸರು ಈ ವ್ಯಾಪಾರವನ್ನು ಗೋವೆಗೆ ಎಳೆದುಕೊಂಡರು. 1547ರಲ್ಲಿ ಸದಾಶಿವರಾಯನ ಜೊತೆ ಅವರು ಮಾಡಿಕೊಂಡ ಒಪ್ಪಂದದಲ್ಲೂ ಗೋವೆಯ ಕುದುರೆಗಳೇ ಮುಖ್ಯ ಸರಕು.

ಹಡಗಿನ ಕುದುರೆಯ ಪಾಡನ್ನು ಒಂದು ಗಳಿಗೆ ನೆನೆಯಬೇಕು. ವಾರಗಟ್ಟಲೆ ನಿಂತೇ ಬರಬೇಕು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಅದರ ಅನ್ನನಾಳ ಹೊಟ್ಟೆಗೆ ಸೇರುವಲ್ಲಿನ ಸ್ನಾಯು ಅಷ್ಟು ಬಿಗಿ. ಹೊಟ್ಟೆಯೊಳಗೆ ಏನೇ ಕೆಟ್ಟರೂ ಅದು ಒಳಗೇ ಉಬ್ಬಿ ಶೂಲೆಯಾಗುತ್ತದೆ. ಇವತ್ತಿಗೂ ಕುದುರೆಗಳ ಸಾವಿನ ದೊಡ್ಡ ಕಾರಣಗಳಲ್ಲಿ ಈ ಹೊಟ್ಟೆಶೂಲೆಯೂ ಒಂದು. ಕುಡಿಯುವ ನೀರು ಅಳೆದು ಕೊಡುವ ಹಡಗಿನಲ್ಲಿ ಎಷ್ಟು ಕುದುರೆ ಹಾಗೆ ಒದ್ದಾಡಿ ಸತ್ತಿರಬಹುದೆಂಬುದು ಬಾಲಕ್ಕೂ ಬೆಲೆ ಕಟ್ಟಿದ ಅರಸನ ವ್ಯವಸ್ಥೆಯಿಂದಲೇ ತಿಳಿಯುತ್ತದೆ.

ದಡ ಮುಟ್ಟಿದವುಗಳ ಗತಿಯೂ ಬಹಳ ಉತ್ತಮವಾಗಿರಲಿಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ಕಂಡ ಮಾರ್ಕೊ ಪೋಲೊ, ಅಲ್ಲಿ ಕುದುರೆಗೆ ಮಾಂಸದ ಜೊತೆ ಬೇಯಿಸಿದ ಅನ್ನ ತಿನ್ನಿಸುತ್ತಾರೆ, ನೋಡಿಕೊಳ್ಳುವುದು ಗೊತ್ತಿಲ್ಲದೆ ಅವು ಸಾಯುತ್ತವೆ ಎಂದು ಬರೆದ. ಕುದುರೆ ಮಾರುವ ವರ್ತಕರು ಲಾಳ ಕಟ್ಟಿ ಮದ್ದು ಮಾಡುವವರನ್ನು ಆ ನಾಡಿಗೆ ಹೋಗಗೊಡುತ್ತಿರಲಿಲ್ಲ ಎಂಬ ಮಾತೂ ಅವನಲ್ಲಿದೆ. ಕುದುರೆ ಸಾಯುತ್ತಿದ್ದರೆ ತಾನೇ ಮತ್ತೊಂದು ಮಾರಾಟವಾಗುವುದು! ಕನ್ನಡ ನಾಡು ಈ ವಿಷಯದಲ್ಲಿ ತೀರ ಅರಿಯದ್ದಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣ, ಸವಾರಿ, ಆಟಗಳ ವಿವರಗಳಿವೆ. ಅಭಿನವಚಂದ್ರ ಕನ್ನಡದಲ್ಲೇ ‘ಅಶ್ವವೈದ್ಯ’ ಬರೆದ. ಈ ಕರಾವಳಿಯನ್ನೂ ಆಳಿದ ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಅಶ್ವಶಾಸ್ತ್ರವನ್ನೂ ಒಳಗೊಂಡಿತು. ಶಾಸ್ತ್ರ ಬರೆಯುವಷ್ಟು ಕುದುರೆಯನ್ನು ಬಲ್ಲವರು ನಮ್ಮಲ್ಲಿದ್ದರು.

ನುನೀಜ್ ಹೇಳುವ ಇನ್ನೊಂದು ಸಂಗತಿ ಬಾಲದ ಕಥೆಗಿಂತ ಮನಸ್ಸನ್ನು ಹೆಚ್ಚು ಕಲಕುತ್ತದೆ. ಅರಸನ ಕುದುರೆಗಳಿಗೆಲ್ಲ ಬರೆ ಹಾಕಿ ಗುರುತು ಮಾಡುತ್ತಿದ್ದರು. ಸೈನಿಕನಿಗೆ ಕೊಟ್ಟ ಕುದುರೆ ಸತ್ತರೆ, ಆ ಬರೆಯಿರುವ ಚರ್ಮದ ತುಂಡನ್ನು ಸುಲಿದು ಅಶ್ವಶಾಲೆಯ ಮುಖ್ಯಸ್ಥನಿಗೆ ಒಪ್ಪಿಸಬೇಕು. ಒಪ್ಪಿಸಿದವನಿಗೆ ಬೇರೊಂದು ಕುದುರೆ ಸಿಗುತ್ತಿತ್ತು. ಲೆಕ್ಕ ಚುಕ್ತಾ. ಅರಮನೆಯಲ್ಲೂ ಹೀಗೆಯೇ. 1520ರ ಸುಮಾರಿಗೆ ಕೃಷ್ಣದೇವರಾಯನ ಮಹಾನವಮಿ ಕಂಡ ಪೋರ್ಚುಗೀಸ ದೊಮಿಂಗೊ ಪಾಯೆಸ್, ಅಲಂಕರಿಸಿ ಎಲ್ಲಕ್ಕಿಂತ ಮುಂದೆ ನಡೆಸಿಕೊಂಡು ಬರುತ್ತಿದ್ದ ಒಂದು ರಾಜಾಶ್ವವನ್ನು ವರ್ಣಿಸುತ್ತಾನೆ. ಅರಸರು ಪಟ್ಟವೇರುವಾಗ ಪ್ರಮಾಣ ಮಾಡುತ್ತಿದ್ದುದು ಆ ಕುದುರೆಯ ಮೇಲೆ. ಅದು ಸತ್ತರೆ ಆ ಸ್ಥಾನಕ್ಕೆ ಇನ್ನೊಂದನ್ನು ತಂದು ನಿಲ್ಲಿಸುತ್ತಾರೆ ಎಂದು ಅವನು ಬರೆಯುತ್ತಾನೆ. ಪಟ್ಟದ ಕುದುರೆಯೇ ಆಗಲಿ, ಸಿಪಾಯಿಯ ಕುದುರೆಯೇ ಆಗಲಿ, ರಾಜ್ಯ ಅದರ ಸಾವಿಗೆ ಕೊಟ್ಟ ಉತ್ತರ ಒಂದೇ: ಇನ್ನೊಂದು ಕುದುರೆ.

ಕುದುರೆಯನ್ನು ಪ್ರೀತಿಸಿದವರಿಗೆ ಈ ಉತ್ತರ ಸಾಲದು. ಲಾಯದಲ್ಲಿ ನೂರಿದ್ದರೂ ಹೆಜ್ಜೆ ಸಪ್ಪಳ ಕೇಳಿ ಕಿವಿ ನಿಮಿರಿಸಿ ಕೆನೆಯುವುದು ಒಂದೇ. ಒಂದು ಎಡಗಡೆಯಿಂದ ಹೋದರೆ ಬೆದರುತ್ತದೆ, ಒಂದು ಹುರುಳಿಯ ಬಕೆಟಿನೊಳಗೆ ಮೊದಲು ಮೂತಿಯಿಂದ ಕೆದಕಿ ಆಮೇಲೆ ತಿನ್ನುತ್ತದೆ, ಇನ್ನೊಂದು ಖರಾರ ಹಾಕಿ ಮೈ ಉಜ್ಜುವಾಗ ಉಜ್ಜುವವನ ಹೆಗಲಿಗೆ ತಲೆ ಆನಿಸುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಕುದುರೆಗಳು ಬರೀ ಫೋಟೋದಲ್ಲಿಯೂ ಮನುಷ್ಯನ ಸಿಟ್ಟಿನ ಮುಖವನ್ನೂ ನಗುಮುಖವನ್ನೂ ಬೇರೆ ಬೇರೆಯಾಗಿ ಗುರುತಿಸುತ್ತವೆ. ಲಾಯದಲ್ಲಿ ದುಡಿದವರಿಗೆ ಇದು ಹೊಸ ಸುದ್ದಿಯೇನಲ್ಲ. ಬೆಳಿಗ್ಗೆ ತಾವು ಯಾವ ಮನಸ್ಸಿನಲ್ಲಿ ಬಂದಿದ್ದೇವೆಂಬುದು ಮನೆಯವರಿಗಿಂತ ಮೊದಲು ಕುದುರೆಗೆ ತಿಳಿಯುತ್ತದೆ ಎಂದು ಅವರಿಗೆ ಗೊತ್ತು.

ವಿಜಯನಗರದ ಅರಸನ ಕುದುರೆಗಳ ಚಾಕರಿಗೆ 1,600 ಲಾಯದಾಳುಗಳು, 300 ಮಂದಿ ಪಳಗಿಸುವವರು ಇದ್ದರೆಂದು ನುನೀಜನೇ ಬರೆದಿದ್ದಾನೆ. ಅವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ. ಹಂಪೆಯ ಮಹಾನವಮಿ ದಿಬ್ಬದಲ್ಲಿ, ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಸಾಲುಸಾಲು ಕುದುರೆ ಕೆತ್ತಿದ ಶಿಲ್ಪಿ ಮಾತ್ರ ಅವರನ್ನು ಮರೆಯಲಿಲ್ಲ. ಕುದುರೆಯ ಮುಂದೆ ಲಗಾಮು ಹಿಡಿದು ನಡೆವ ಮನುಷ್ಯ ಅಲ್ಲಿ ಇವತ್ತಿಗೂ ಇದ್ದಾನೆ.

ಕುದುರೆಯ ಸಾವಿಗೆ ಮೊದಲು ಅಳುವವನು ಒಡೆಯನಲ್ಲ, ಈ ಮನುಷ್ಯ ಎಂಬುದನ್ನು ನಮ್ಮ ಹಳಬರು ಬಲ್ಲರು. ಸಿದ್ಧಾರ್ಥ ಅರಮನೆ ಬಿಟ್ಟ ರಾತ್ರಿ ಅವನನ್ನು ಹೊತ್ತು ಹೋದದ್ದು ಕಂಥಕ ಎಂಬ ಕುದುರೆ. ಜೊತೆಗೆ ಹೋದವನು ಅವನ ಆಳು ಚನ್ನ. ಜಾತಕಗಳ ಪಾಲಿ ಪೀಠಿಕೆಯಾದ ನಿದಾನಕಥೆಯಲ್ಲಿ, ಒಡೆಯ ಕಣ್ಮರೆಯಾದ ದುಃಖ ತಾಳಲಾರದೆ ಕಂಥಕ ಎದೆಯೊಡೆದು ಸಾಯುತ್ತದೆ. ಅಲ್ಲಿಯವರೆಗೆ ಚನ್ನನಿಗೆ ಇದ್ದದ್ದು ಒಂದು ಶೋಕ, ಕುದುರೆಯೂ ಸತ್ತಮೇಲೆ ಎರಡಾಯಿತು ಎನ್ನುತ್ತದೆ ಆ ಕಥೆ. ಜಗತ್ತನ್ನೇ ತಿರುಗಿಸಲಿದ್ದ ಒಬ್ಬನ ಮಹಾಭಿನಿಷ್ಕ್ರಮಣವನ್ನು ಹೇಳುತ್ತಿರುವ ಕಥೆಗಾರ, ನಡುವೆ ನಿಂತು ಒಬ್ಬ ಆಳಿನ ಎರಡನೆಯ ದುಃಖವನ್ನು ಎಣಿಸಿದ್ದಾನೆ. ಅವನಿಗೆ ಕೈ ಮುಗಿಯಬೇಕು. ಅಲೆಗ್ಸಾಂಡರ್ ತನ್ನ ಕುದುರೆ ಬುಸೆಫಾಲಸ್ ಸತ್ತಾಗ ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಡದಲ್ಲಿ ಅದರ ಹೆಸರಿನ ಪಟ್ಟಣವನ್ನೇ ಕಟ್ಟಿಸಿದ. ಚನ್ನನಿಗೆ ಅಂಥ ಬಲವಿರಲಿಲ್ಲ; ಅಳುತ್ತ ಊರಿಗೆ ನಡೆದ.

ಪ್ರಾಣಿಯ ಸಾವಿನ ಶೋಕವನ್ನು ಬಹಿರಂಗವಾಗಿ, ಹೆಸರು ಹಿಡಿದು ಹೇಳಿದ ಅತ್ಯುತ್ತಮ ಉದಾಹರಣೆ ಕನ್ನಡದಲ್ಲೇ ಇದೆ. ಅದು ಕುದುರೆಯದಲ್ಲ, ನಾಯಿಯದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಶಕ 872, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ, ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಎಂಬ ದೊಡ್ಡ ಸುದ್ದಿ ಆ ಕಲ್ಲಿನಲ್ಲೇ ಇದೆ. ಅದೇ ಕಲ್ಲಿನಲ್ಲಿ ಬೂತುಗನ ವೀರ ಮಣಲೆರ ಬರುತ್ತಾನೆ. ಅವನ ಶೌರ್ಯಕ್ಕೆ ಮೆಚ್ಚಿದ ದೊರೆ ಬೇಕಾದ್ದನ್ನು ಕೇಳು ಎಂದಾಗ ಅವನು ಬೇಡಿಕೊಂಡದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಬೆಳತೂರಿನ ಬೆಟ್ಟದ ಕಡೆ ಒಂದು ಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೆರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಕಾಳಿ ಹಂದಿಯೊಡನೆ ಸೆಣಸುವುದನ್ನು ಕೆತ್ತಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಡಿಸಿದ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬೇಕಾದಷ್ಟು ಬೇಟೆನಾಯಿಗಳನ್ನು ಸಾಕಬಲ್ಲ ಸ್ಥಾನ ಮಣಲೆರನದು. ಒಂದು ಹೋದರೆ ಇನ್ನೊಂದು ಅವನಿಗೆ ಕಷ್ಟವಾಗುತ್ತಿರಲಿಲ್ಲ. ಅವನು ಹಿಡಿದುಕೊಂಡದ್ದು ಆ ಒಂದನ್ನು, ಅದರ ಹೆಸರನ್ನು. ಸಾವಿರ ವರ್ಷ ಕಳೆದರೂ ಕಾಳಿ ಇನ್ನೂ ಕಾಳಿಯಾಗಿಯೇ ಉಳಿದಿದ್ದಾಳೆ.

ಕುದುರೆಗೆ ಕನ್ನಡ ನಾಡು ಈ ಗೌರವವನ್ನು ಅಷ್ಟಾಗಿ ಕೊಡಲಿಲ್ಲ. ವೀರಗಲ್ಲುಗಳಲ್ಲಿ ಕುದುರೆ ಧಾರಾಳವಾಗಿ ಬರುತ್ತದೆ, ಆದರೆ ರಾವುತನ ಕೆಳಗೆ ಬರುತ್ತದೆ. ನಮ್ಮ ಕರಾವಳಿಯ ಗರಡಿ, ದೈವಸ್ಥಾನಗಳಲ್ಲಿ ಮರದ ಕುದುರೆಗಳಿವೆ. ಅಲ್ಲಿ ಅದು ದೈವದ ವಾಹನ. ಯಕ್ಷಗಾನದಲ್ಲಿ ಸುಧನ್ವ, ತಾಮ್ರಧ್ವಜ, ಬಭ್ರುವಾಹನರ ಕಾಳಗಗಳೆಲ್ಲ ಧರ್ಮರಾಯನ ಯಾಗದ ಕುದುರೆಯ ಹಿಂದೆಯೇ ನಡೆಯುತ್ತವೆ. ಬೆಳಗಿನ ತನಕ ಕೂತು ನೋಡುವ ಬೈಂದೂರು, ಕುಂದಾಪುರದ ಪ್ರೇಕ್ಷಕನಿಗೆ ಆ ಕುದುರೆಯನ್ನು ಕಟ್ಟಿದವರು, ಬಿಡಿಸಿದವರು ಎಲ್ಲ ಗೊತ್ತು.

ಆಧುನಿಕ ಕಾಲಕ್ಕೆ ಬಂದರೆ ಮೈಸೂರು ಲ್ಯಾನ್ಸರ್ಸ್ ಇದ್ದಾರೆ. ಮೊದಲ ಮಹಾಯುದ್ಧಕ್ಕೆ 1914ರಲ್ಲಿ ಈಜಿಪ್ಟಿಗೆ ಹೊರಟ ಮೈಸೂರು ಸಂಸ್ಥಾನದ ಈ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದ ಜೊತೆ ಹೈಫಾ ಪಟ್ಟಣವನ್ನು ಗೆದ್ದಿತು. ಮೆಷಿನ್‌ಗನ್‌ಗಳ ಎದುರು ಭರ್ಜಿ ಹಿಡಿದ ಸವಾರರು ನುಗ್ಗಿದ ಕಾಳಗ ಅದು. ಮೈಸೂರಿನ ತುಕಡಿಯೊಂದು ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿತು. ಜೋಧಪುರದವರ ಕೆಲವು ಕುದುರೆಗಳು ಕಿಶೋನ್ ನದಿಯ ಹುದುಲಿನಲ್ಲಿ ಹೂತುಹೋದವು. ಆ ದಿನ ಸತ್ತ ಸೈನಿಕರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಸೆರೆಸಿಕ್ಕ ಶತ್ರುಸೈನಿಕರು 1,350. ಬೆಂಗಳೂರಿನ ಜೆ.ಸಿ. ನಗರದ ಬಳಿ ಲ್ಯಾನ್ಸರ್ಸ್ ಸ್ಮಾರಕವಿದೆ. ದೆಹಲಿಯ ತೀನ್‌ಮೂರ್ತಿಯಲ್ಲಿ ಮೈಸೂರು, ಜೋಧಪುರ, ಹೈದರಾಬಾದುಗಳ ಮೂವರು ಸವಾರರು ಕಂಚಿನಲ್ಲಿ ನಿಂತಿದ್ದಾರೆ. ಮೂವರೂ ನೆಲದ ಮೇಲೆ ನಿಂತಿದ್ದಾರೆ. ಅವರ ಪಕ್ಕದಲ್ಲಿ ಕುದುರೆಯಿಲ್ಲ.

ಆ ರಣರಂಗದ ಬ್ರಿಟಿಷ್ ಸೇನೆಯ ಕುದುರೆಗಳಲ್ಲಿ ಸಾವಿರಾರು ಮನೆಗೆ ಮರಳಲಿಲ್ಲ. ವಯಸ್ಸಾದವನ್ನು ಗುಂಡಿಟ್ಟು ಕೊಂದರು, ಉಳಿದವನ್ನು ಈಜಿಪ್ಟಿನಲ್ಲೇ ಮಾರಿದರು. 1930ರಲ್ಲಿ ಕೈರೋಗೆ ಬಂದ ಡೊರೋತಿ ಬ್ರೂಕ್, ಹನ್ನೆರಡು ವರ್ಷದ ಹಿಂದಿನ ಯುದ್ಧದ ಕುದುರೆಗಳು ಎಲುಬು ಗೂಡಾಗಿ ಬೀದಿಯಲ್ಲಿ ಗಾಡಿ ಎಳೆಯುತ್ತಿದ್ದುದನ್ನು ಕಂಡಳು. ಮರುವರ್ಷ ಲಂಡನ್ನಿನ ಪತ್ರಿಕೆಗೆ ಪತ್ರ ಬರೆದು ಹಣ ಕೂಡಿಸಿ, ಐದು ಸಾವಿರದಷ್ಟು ಕುದುರೆಗಳನ್ನು ಕೊಂಡಳು. ಹೆಚ್ಚಿನವು ಬದುಕುವ ಸ್ಥಿತಿಯಲ್ಲಿರಲಿಲ್ಲ. ಅವಕ್ಕೆ ಕೆಲವು ದಿನ ಹೊಟ್ಟೆತುಂಬ ಮೇವು, ಮೆತ್ತನೆ ಹಾಸು ಕೊಟ್ಟು ನೋವಿಲ್ಲದ ಸಾವು ಕೊಡಿಸಿದಳು. 1934ರಲ್ಲಿ ಅವಳು ತೆರೆದ ಕುದುರೆ ಆಸ್ಪತ್ರೆ ಇಂದು ಹಲವು ದೇಶಗಳಲ್ಲಿ ದುಡಿಯುವ ಕುದುರೆ, ಕತ್ತೆಗಳಿಗಾಗಿ ಕೆಲಸ ಮಾಡುವ ಸಂಸ್ಥೆಯಾಗಿ ಬೆಳೆದಿದೆ. ಕೊಲ್ಲುವುದಕ್ಕಾಗಿಯೇ ಕೊಂಡುಕೊಳ್ಳುವ ಪ್ರೀತಿಯೂ ಒಂದುಂಟು. ಕುದುರೆ ಸಾಕುವವರು ಅದನ್ನು ಚೆನ್ನಾಗಿ ಬಲ್ಲರು.

ಯಾಕೆಂದರೆ ಕುದುರೆ ತಾನಾಗಿ ನಿದ್ದೆಯಲ್ಲಿ ಸಾಯುವುದು ಅಪರೂಪ. ಚೆನ್ನಾಗಿ ಸಾಕಿದರೆ ಇಪ್ಪತ್ತೈದು ಮೂವತ್ತು ವರ್ಷ ಬದುಕಬಲ್ಲ ಪ್ರಾಣಿ ಅದು. ಆದರೆ ಕಾಲು ಮುರಿದರೆ ನಾನೂರು ಐನೂರು ಕಿಲೋ ಮೈಯನ್ನು ಮೂರು ಕಾಲಲ್ಲಿ ಹೊರಲಾರದು, ಬಹಳ ದಿನ ಮಲಗಿಯೂ ಇರಲಾರದು. ಭಾರ ಹೊತ್ತ ಉಳಿದ ಕಾಲುಗಳ ಗೊರಸಿನೊಳಗೆ ಉರಿಯೂತ ಹತ್ತುತ್ತದೆ. ಅಮೆರಿಕದ ಡರ್ಬಿ ಗೆದ್ದ ಕುದುರೆ ಬಾರ್ಬರೊ 2006ರ ಮೇ ತಿಂಗಳಲ್ಲಿ ಓಟದ ನಡುವೆ ಕಾಲು ಮುರಿದುಕೊಂಡಾಗ ಹಣಕ್ಕೂ ವೈದ್ಯರಿಗೂ ಕೊರತೆಯಿರಲಿಲ್ಲ. ಮೂಳೆ ಕೂಡಿಸಿದರು, ಎಂಟು ತಿಂಗಳು ಉಪಚರಿಸಿದರು. ಕೊನೆಗೆ ಬೇರೆ ಕಾಲುಗಳ ಗೊರಸು ಕೈಕೊಟ್ಟು 2007ರ ಜನವರಿ 29ರಂದು ಮದ್ದು ಚುಚ್ಚಿ ಸಾವು ಕೊಡಬೇಕಾಯಿತು. ಗ್ಲ್ಯಾಂಡರ್ಸ್ ರೋಗ ಬಂದರೆ ನಮ್ಮ ದೇಶದ 2009ರ ಪ್ರಾಣಿರೋಗ ಕಾಯ್ದೆಯಡಿ ಕುದುರೆಯನ್ನು ಕೊಲ್ಲಲೇಬೇಕು. ಮನುಷ್ಯರಿಗೂ ಹರಡುವ ರೋಗ ಅದು. ಹೀಗೆ ಕುದುರೆಯ ಸಾವಿನಲ್ಲಿ ಬಹುತೇಕ ಯಾರೋ ಒಬ್ಬರು ‘ಆಯಿತು’ ಎನ್ನಬೇಕಾಗುತ್ತದೆ. ಮನುಷ್ಯರ ಸಾವಿನ ದುಃಖದಲ್ಲಿ ಇಲ್ಲದ ಒಂದು ಮುಳ್ಳು ಇದು. ಒಂದು ದಿನ ಮೊದಲೇ ಹೇಳಬೇಕಿತ್ತೇ, ಇನ್ನೊಂದು ದಿನ ಕಾಯಬಹುದಿತ್ತೇ ಎಂದು ವರ್ಷಗಟ್ಟಲೆ ಒಳಗೇ ಚುಚ್ಚುತ್ತದೆ. ನರಳುತ್ತಿರುವ ಪ್ರಾಣಿಯನ್ನು ತನ್ನ ಸಮಾಧಾನಕ್ಕಾಗಿ ಉಳಿಸಿಕೊಳ್ಳದೆ ಕಳಿಸಿಕೊಟ್ಟವರು ತಪ್ಪು ಮಾಡಿಲ್ಲ ಎಂಬುದನ್ನು ಅವರಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಉಳಿದ ಕುದುರೆಗಳಿಗೂ ದುಃಖವಿದೆ. ಜೊತೆಗಾತಿ ಸತ್ತಾಗ ಮೇವು ಬಿಡುವ, ಅದರ ಜಾಗದ ಕಡೆ ನೋಡಿ ಕೂಗುವ ಕುದುರೆಗಳನ್ನು ಸಾಕುವವರೆಲ್ಲ ಕಂಡಿದ್ದಾರೆ. ಸತ್ತ ಕುದುರೆಯನ್ನು ತಕ್ಷಣ ಸಾಗಿಸದೆ ಜೊತೆಯದು ಹತ್ತಿರ ಬಂದು ಮೂಸಿ ನೋಡಲು ಸ್ವಲ್ಪ ಹೊತ್ತು ಬಿಡಿ ಎಂದು ಈಗ ಹಲವು ಪಶುವೈದ್ಯರು ಸಲಹೆ ಕೊಡುತ್ತಾರೆ.

ಕುಂದಾಪುರ, ಬೈಂದೂರು ಕಡೆಯವರಿಗೆ ಇದೆಲ್ಲ ಅರ್ಥವಾಗಲು ಕುದುರೆಯೇ ಬೇಕಿಲ್ಲ, ಕಂಬಳದ ಕೋಣ ಸಾಕು. ತಗ್ಗರ್ಸೆ, ವಂಡಾರುಗಳ ಕಂಬಳಗದ್ದೆಗೆ ಇಳಿಯುವ ಕೋಣಕ್ಕೂ ಅದೇ ಹುರುಳಿ, ಬೇಯಿಸಿ ಕೊಟ್ಟದ್ದು. ಎಣ್ಣೆ ಹಚ್ಚಿ ಮೈ ತಿಕ್ಕುವುದು, ಕೆರೆಗೆ ಇಳಿಸಿ ಈಜಿಸುವುದು, ರಾತ್ರಿ ಹಟ್ಟಿಯ ಪಕ್ಕದಲ್ಲೇ ಮಲಗುವುದು ಇಲ್ಲಿ ಎಷ್ಟೋ ಮನೆಗಳ ರೂಢಿ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳಕ್ಕೆ ಕುತ್ತು ಬಂದಾಗ, 2017ರಲ್ಲಿ ಕಂಬಳವನ್ನು ಉಳಿಸುವ ರಾಜ್ಯದ ಕಾನೂನು ತಿದ್ದುಪಡಿ ಬಂದಾಗ, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿದಾಗ ಕರಾವಳಿ ಒಂದೇ ಮಾತು ಹೇಳಿತು: ನಾವು ಕೋಣಗಳನ್ನು ಮಕ್ಕಳಂತೆ ಸಾಕುತ್ತೇವೆ. ಆ ಮಾತು ನಿಜವಾಗುವುದೋ ಇಲ್ಲವೋ ಎಂಬುದು ಕೋಣ ಗೆಲ್ಲುವಾಗ ಗೊತ್ತಾಗುವುದಿಲ್ಲ. ಓಡಲಾರದೆ ಹಟ್ಟಿಯಲ್ಲಿ ನಿಂತ ವರ್ಷಗಳಲ್ಲಿ ಗೊತ್ತಾಗುತ್ತದೆ. ಹೆಸರಾದ ಕೋಣ ಸತ್ತರೆ ಹೂವು ಹಾಕಿ, ಮನೆಯ ಜಾಗದಲ್ಲೇ ಮಣ್ಣು ಮಾಡಿ, ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟುವ ಮನೆತನಗಳು ಕರಾವಳಿಯಲ್ಲಿವೆ. ಮಣಲೆರನ ದಾರಿ ಅದು, ಮೆಚ್ಚಬೇಕು. ಹೆಸರಾಗದ ಕೋಣಕ್ಕೂ ಅದೇ ದಾರಿ ಸಲ್ಲಬೇಕು.

ಕರ್ನಾಟಕಕ್ಕೆ ಪ್ರಾಣಿಯ ಸಾವಿಗೆ ಸಾರ್ವಜನಿಕವಾಗಿ ಅಳುವುದು ಮರೆತುಹೋಗಿಲ್ಲ. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ದಸರಾ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಬಳಿ ಕಾಡಾನೆಯೊಡನೆ ಕಾದು ಸತ್ತಾಗ ನಾಡೇ ಮರುಗಿತು. ಸ್ಮಾರಕ ಬೇಕೆಂದು ಜನ ಪಟ್ಟುಹಿಡಿದರು. ಆ ದಿನ ಆನೆಯ ಮೈಗೆ ಒರಗಿ ಮಾವುತ ಅತ್ತದ್ದನ್ನು ಟಿ.ವಿ.ಯಲ್ಲಿ ಕಂಡವರಾರೂ ಮರೆಯಲಾರರು.

ಸತ್ತ ಕುದುರೆಯ ಗುರುತು ಒಪ್ಪಿಸುವ, ನುನೀಜ್ ಕಂಡ ಪದ್ಧತಿಯೂ ಪೂರ್ತಿ ಹೋಗಿಲ್ಲ. ಇವತ್ತು ವಿಮೆ ಮಾಡಿಸಿದ ಜಾನುವಾರು ಸತ್ತರೆ ಕಿವಿಯ ಓಲೆ, ಆ ನಂಬರಿನ ಟ್ಯಾಗ್, ತೋರಿಸಬೇಕು. ಟ್ಯಾಗ್ ಇಲ್ಲದಿದ್ದರೆ ಹಣವಿಲ್ಲ. ವಂಚನೆ ತಡೆಯಲು ಅದು ಬೇಕು, ತಕರಾರಿಲ್ಲ. ಹಣ ಒಡೆಯನಿಗೆ ಬರುತ್ತದೆ, ಅವನ ನಷ್ಟ ತಕ್ಕಮಟ್ಟಿಗೆ ತುಂಬುತ್ತದೆ, ಸಾಂತ್ವನ ಹೇಳುವವರೂ ಅವನ ಮನೆಗೇ ಹೋಗುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಾಸು ಬದಲಿಸಿದ, ಗೊರಸು ಕೆರೆದ, ಶೂಲೆ ಬಂದ ರಾತ್ರಿ ಲಗಾಮು ಹಿಡಿದು ಸುತ್ತು ನಡೆಸಿದ ಆಳಿಗೆ ಸಿಗುವುದು ಇನ್ನೊಂದು ಕುದುರೆಯ ಹಗ್ಗ. ರೇಸಿನ ಲಾಯದಲ್ಲಿರಲಿ, ಪ್ರವಾಸಿಗರನ್ನು ಕೂರಿಸಿ ನಡೆಸುವ ಕಡಲತೀರದಲ್ಲಿರಲಿ, ಮೈಸೂರಿನ ಟಾಂಗಾ ನಿಲ್ದಾಣದಲ್ಲಿರಲಿ, ಕಂಬಳದ ಹಟ್ಟಿಯಲ್ಲಿರಲಿ, ಸಂಬಳಕ್ಕೆ ದುಡಿಯುವ ಈ ಮನುಷ್ಯನ ಶೋಕವನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ನಮ್ಮಲ್ಲಿ ಬಂದಿಲ್ಲ.

ಅದನ್ನು ತರಲು ಕಾನೂನು ಬೇಕಿಲ್ಲ. ಈ ಊರುಗಳಲ್ಲಿ ಕೋಣ ಕಟ್ಟುವ ಯಜಮಾನರಲ್ಲಿ, ಎಲ್ಲೇ ಆಗಲಿ ಕುದುರೆ ಸಾಕುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಪ್ರಾಣಿಯ ಕೊನೆ ಹತ್ತಿರ ಬಂದಾಗ ಪಶುವೈದ್ಯರನ್ನು ತಡಮಾಡದೆ ಕರೆಯಿರಿ, ತೀರ್ಮಾನ ಮಾಡುವಾಗ ಅದನ್ನು ಸಾಕಿದ ಆಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವನ ಮಾತನ್ನೂ ಕೇಳಿರಿ. ಸತ್ತ ಮೇಲೆ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮಣ್ಣು ಮಾಡಿರಿ. ಹೆಸರು, ಇಸವಿ ಒಂದು ಕಡೆ ಬರೆದಿಡಿರಿ. ಆ ಆಳಿಗೆ ಸಂಬಳ ಕಡಿಯದೆ ನಾಲ್ಕು ದಿನ ರಜೆ ಕೊಡಿರಿ. ಹೊಸ ಪ್ರಾಣಿಯ ಹಗ್ಗವನ್ನು ಆಮೇಲೆ, ಅವನೇ ಬಂದು ಕೇಳಿದಾಗ, ಅವನ ಕೈಗೆ ಕೊಡಿರಿ.